ದೆವ್ವ ಓಡಿಸುವ ನೆಪದಲ್ಲಿ

1954ರ ಅಕ್ಟೋಬರ್ 26ರಂದು ಅಮೆರಿಕದ ಕಾಮಿಕ್ಸ್ ಪ್ರಕಾಶಕರ ಸಂಘ ತನಗೆ ತಾನೇ ಒಂದು ನೀತಿಸಂಹಿತೆ ಹಾಕಿಕೊಂಡಿತು. ಅದರ ಪ್ರಕಾರ ಇನ್ನು ಮುಂದೆ ಕಾಮಿಕ್ಸ್‌ನಲ್ಲಿ ಸತ್ತವರು ಎದ್ದು ನಡೆಯುವಂತಿಲ್ಲ. ರಕ್ತ ಹೀರುವ ಪಿಶಾಚಿ ಇರುವಂತಿಲ್ಲ, ಹೆಣ ತಿನ್ನುವ ಭೂತ ಇರುವಂತಿಲ್ಲ, ತೋಳವಾಗುವ ಮನುಷ್ಯ ಇರುವಂತಿಲ್ಲ. ಪುಸ್ತಕದ ಹೆಸರಿನಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳೇ ಕೂಡದು. ಇಷ್ಟನ್ನು ಓದಿದ ಯಾವ ತಂದೆತಾಯಿಯಾದರೂ ‘ಒಳ್ಳೆಯದೇ ಆಯಿತು’ ಎಂದಾರು. ಆದರೆ ಅದೇ ಪಟ್ಟಿಯಲ್ಲಿ ಇನ್ನೊಂದು ನಿಯಮವೂ ಇತ್ತು: ಪೊಲೀಸರು, ನ್ಯಾಯಾಧೀಶರು, ಸರ್ಕಾರಿ ಅಧಿಕಾರಿಗಳು ಮತ್ತು ಗೌರವಾನ್ವಿತ ಸಂಸ್ಥೆಗಳನ್ನು, ಅವರ ಅಧಿಕಾರದ ಮೇಲಿನ ಗೌರವ ಕುಗ್ಗುವ ಹಾಗೆ ಎಂದೂ ಚಿತ್ರಿಸಕೂಡದು.

ದೆವ್ವಕ್ಕೂ ದಫೇದಾರನಿಗೂ ಎಲ್ಲಿಯ ಸಂಬಂಧ? ಮಕ್ಕಳ ನಿದ್ದೆ ಕೆಡಬಾರದೆಂದು ಬರೆದ ನಿಯಮಗಳ ಸಾಲಿನಲ್ಲಿ ನ್ಯಾಯಾಧೀಶರು ಬಂದು ಕೂತದ್ದು ಹೇಗೆ? ಈ ಎರಡು ನಿಯಮಗಳು ಒಂದೇ ಕಾಗದದಲ್ಲಿ ಸೇರಿಕೊಂಡದ್ದು ಆಕಸ್ಮಿಕವೆಂದು ನಾನು ನಂಬುವುದಿಲ್ಲ. ಭಯದ ಕತೆಗಳನ್ನು ಮಕ್ಕಳ ಹೆಸರಿನಲ್ಲಿ ಅಳಿಸಲು ಹೊರಟಾಗಲೆಲ್ಲ, ಆ ಕತೆಗಳು ದೊಡ್ಡವರಿಗೆ ಕೇಳುತ್ತಿದ್ದ ಪ್ರಶ್ನೆಗಳೂ ಜೊತೆಗೇ ಅಳಿಸಿಹೋಗುತ್ತವೆ. ಇಂದು ಪುಸ್ತಕ, ಸಿನಿಮಾ, ವೆಬ್ ಸರಣಿಗಳ ಮೇಲೆ ಇಂಥದೇ ಪಟ್ಟಿಗಳನ್ನು ಕೇಳುವವರು ಹೆಚ್ಚುತ್ತಿರುವಾಗ ಆ ಹಳೆಯ ಪ್ರಕರಣವನ್ನು ಮತ್ತೆ ಬಿಡಿಸಿ ನೋಡಬೇಕು ಅನ್ನಿಸುತ್ತದೆ.

ನಾನು ಕನ್ನಡದ ವಾರಪತ್ರಿಕೆ, ಮಾಸಪತ್ರಿಕೆಗಳ ಕತೆ, ಧಾರಾವಾಹಿಗಳಿಗೆ ಚಿತ್ರ ಬರೆದು ಬದುಕಿದವಳು. ಸ್ಮಶಾನ, ಹಾಳುಬಾವಿ, ಹುಣಸೆಮರದ ಕತೆ ಬಂತೆಂದರೆ ಸಂಪಾದಕರು ನನ್ನ ಕಡೆಗೇ ತಳ್ಳುತ್ತಿದ್ದರು. ಹೀಗಾಗಿ ಅಮೆರಿಕದ ಆ ಕಾಮಿಕ್ಸ್‌ಗಳ ಮರುಮುದ್ರಣ ಬೆಂಗಳೂರಿನ ಹಳೇ ಪುಸ್ತಕದಂಗಡಿಯೊಂದರಲ್ಲಿ ಕೈಗೆ ಸಿಕ್ಕಾಗ ನಾನು ಕತೆ ಓದುವ ಮೊದಲು ಗೆರೆ ನೋಡಿದೆ. ಗ್ರಹಾಂ ಇಂಗೆಲ್ಸ್ ಎಂಬಾತ ಬರೆದ ಹೆಣದ ಮುಖ ಅದು. ಚರ್ಮ ಜೋತು ಬಿದ್ದಿತ್ತು, ಬಾಯಿಯ ಒಂದು ಅಂಚಿನಿಂದ ಇನ್ನೊಂದಕ್ಕೆ ಎಂಜಲು ಎಳೆಯಾಗಿ ನಿಂತಿತ್ತು. ಆದರೆ ಕಣ್ಣುಗಳಲ್ಲಿ ನೋವಿತ್ತು. ಕೊಳೆತ ದೇಹಕ್ಕೆ ಬಳಸಿದ ಅಷ್ಟೇ ತಾಳ್ಮೆಯಿಂದ ಆತ ಆ ನೋವನ್ನೂ ಬರೆದಿದ್ದ. ಹೆದರಿಸುವುದಷ್ಟೇ ಉದ್ದೇಶವಾಗಿದ್ದರೆ ಯಾವ ಕಲಾವಿದನೂ ಕಣ್ಣಿನ ಮೇಲೆ ಅಷ್ಟು ಹೊತ್ತು ಖರ್ಚು ಮಾಡುವುದಿಲ್ಲ.

ಆ ಕಾಮಿಕ್ಸ್‌ಗಳ ಹುಟ್ಟು ಹೀಗಿದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಸೂಪರ್‌ಹೀರೋಗಳ ಕಾವು ಇಳಿಯಿತು. 1947ರಲ್ಲಿ ಏವನ್ ಪ್ರಕಾಶನ ‘ಈರಿ’ ಎಂಬ ಒಂದೇ ಒಂದು ಸಂಚಿಕೆ ತಂದಿತು. 1948ರಲ್ಲಿ ‘ಅಡ್ವೆಂಚರ್ಸ್ ಇನ್‌ಟು ದಿ ಅನ್‌ನೋನ್’ ನಿಯತವಾಗಿ ಬರತೊಡಗಿತು. ನಿಜವಾದ ತಿರುವು ಬಂದದ್ದು 1950ರಲ್ಲಿ, ನ್ಯೂಯಾರ್ಕ್‌ನ ಲಫಾಯೆಟ್ ಸ್ಟ್ರೀಟಿನಲ್ಲಿದ್ದ ಇ.ಸಿ. ಕಾಮಿಕ್ಸ್ ಎಂಬ ಸಣ್ಣ ಕಚೇರಿಯಿಂದ. ಅದರ ಮಾಲೀಕ ವಿಲಿಯಂ ಗೇನ್ಸ್‌ಗೆ ಕೆಮಿಸ್ಟ್ರಿ ಮೇಷ್ಟರಾಗುವ ಆಸೆಯಿತ್ತು. 1947ರಲ್ಲಿ ತಂದೆ ದೋಣಿ ಅಪಘಾತದಲ್ಲಿ ತೀರಿಕೊಂಡ ಮೇಲೆ ವ್ಯಾಪಾರ ಅವರ ಹೆಗಲಿಗೆ ಬಿತ್ತು. ಸಂಪಾದಕ ಆಲ್ ಫೆಲ್ಡ್‌ಸ್ಟೀನ್ ಜೊತೆ ಸೇರಿ ಅವರು ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ದಿ ಹಾಂಟ್ ಆಫ್ ಫಿಯರ್’ ಎಂಬ ಮೂರು ಭಯದ ಪತ್ರಿಕೆಗಳನ್ನು ಆರಂಭಿಸಿದರು. ಜೊತೆಗೆ ಅಪರಾಧದ ಕತೆ, ಯುದ್ಧದ ಕತೆ, ವಿಜ್ಞಾನದ ಕತೆಗಳ ಪತ್ರಿಕೆಗಳೂ ಇದ್ದವು. ಬೆಲೆ ಹತ್ತು ಸೆಂಟ್.

ಅವರ ಕೆಲಸದ ರೀತಿ ಕಸುಬುದಾರಳಾದ ನನಗೆ ತುಂಬ ಕುತೂಹಲದ್ದು. ಫೆಲ್ಡ್‌ಸ್ಟೀನ್ ಕತೆಯನ್ನು ಮೊದಲೇ ಚೌಕಚೌಕವಾಗಿ ಒಡೆದು ಬರೆದುಬಿಡುತ್ತಿದ್ದರು. ನಕ್ಷೆ ಬರೆಯುವವರು ಬಳಸುವ ಅಕ್ಷರದ ಅಚ್ಚುಪಟ್ಟಿಯಿಂದ ಮಾತುಗಳನ್ನೆಲ್ಲ ಬರೆದು ಮುಗಿಸಿದ ಹಾಳೆ ಕಲಾವಿದನ ಕೈಗೆ ಬರುತ್ತಿತ್ತು. ಉಳಿದ ಜಾಗದಲ್ಲಿ ಆತ ಚಿತ್ರ ತುಂಬಬೇಕು. ಅಷ್ಟು ಬಿಗಿಯಾದ ಚೌಕಟ್ಟಿನಲ್ಲೂ ಪ್ರತಿಯೊಬ್ಬರ ಕೈಯನ್ನು ದೂರದಿಂದಲೇ ಗುರುತು ಹಿಡಿಯಬಹುದು. ಜಾನಿ ಕ್ರೇಗ್‌ದು ಇಸ್ತ್ರಿ ಹಾಕಿದಂಥ ಶುಭ್ರ ಗೆರೆ. ಜಾಕ್ ಡೇವಿಸ್‌ದು ಓಡುವ ಗೆರೆ. ವಾಲಿ ವುಡ್ ನೆರಳು ಬೆಳಕಿಗೆ ಪ್ರಾಣ ಬಿಡುವವರು. ಇವರ ಪುಟಗಳಿಗೆ ಬಣ್ಣ ಕೊಡುತ್ತಿದ್ದವರು ಮರಿ ಸೆವೆರಿನ್ ಎಂಬ ಹೆಣ್ಣುಮಗಳು. ನನ್ನಂಥವರು ಅವರ ಹೆಸರನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಕತೆಗಳ ಒಳಗೆ ಏನಿತ್ತು? ‘ಹಾಂಟ್ ಆಫ್ ಫಿಯರ್’ನ 12ನೇ ಸಂಚಿಕೆಯಲ್ಲಿ ‘ಪೊಯೆಟಿಕ್ ಜಸ್ಟಿಸ್’ ಎಂಬ ಕತೆಯಿದೆ. ಚಿತ್ರ ಇಂಗೆಲ್ಸ್‌ದೇ. ಒಬ್ಬ ಬಡ ಮುದುಕ. ಅವನ ಮನೆ ಇರುವುದರಿಂದ ಕೇರಿಯ ಅಂದ ಕೆಡುತ್ತದೆಂದು ಪಕ್ಕದ ಸಿರಿವಂತರು ಅವನನ್ನು ಎಬ್ಬಿಸಲು ನೋಡುತ್ತಾರೆ. ಪ್ರೇಮಿಗಳ ದಿನದಂದು ಊರವರು ಬರೆದ ಹಾಗೆ ನಟಿಸಿ ಅವನಿಗೆ ಅವಮಾನದ ಕಾಗದಗಳನ್ನು ಕಳಿಸುತ್ತಾರೆ. ಮುದುಕ ಜೀವ ಕಳೆದುಕೊಳ್ಳುತ್ತಾನೆ. ವರ್ಷ ತುಂಬಿದ ದಿನ ಗೋರಿಯಿಂದ ಎದ್ದು ಬರುತ್ತಾನೆ. ಅಲ್ಲಿಂದ ಮುಂದಿನದು ಘೋರ, ನಿಜ. ಆದರೆ ಓದಿ ಮುಗಿಸಿದಾಗ ನೆನಪಿನಲ್ಲಿ ಉಳಿಯುವುದು ಆ ಕಾಗದಗಳನ್ನು ಒಂದೊಂದಾಗಿ ಬಿಡಿಸುವ ಮುದುಕನ ಕೈ. 1972ರ ಬ್ರಿಟಿಷ್ ಸಿನಿಮಾದಲ್ಲಿ ಪೀಟರ್ ಕುಶಿಂಗ್ ಆ ಮುದುಕನ ಪಾತ್ರ ಮಾಡಿದ್ದಾರೆ.

ದೆವ್ವವೇ ಇಲ್ಲದ ಕತೆಗಳು ಇನ್ನೂ ಭಯಂಕರ. ‘ಶಾಕ್ ಸಸ್ಪೆನ್ಸ್ಟೋರೀಸ್’ ಪತ್ರಿಕೆಯ ‘ದಿ ಪೇಟ್ರಿಯಟ್ಸ್’ ಕತೆಯಲ್ಲಿ, ಮೆರವಣಿಗೆಯಲ್ಲಿ ಬಾವುಟಕ್ಕೆ ಗೌರವ ತೋರಿಸಲಿಲ್ಲವೆಂದು ಜನ ಒಬ್ಬನನ್ನು ಹೊಡೆದು ಸಾಯಿಸುತ್ತಾರೆ. ಆಮೇಲೆ ಗೊತ್ತಾಗುತ್ತದೆ, ಆತ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕ ಎಂದು. ‘ದಿ ಗಿಲ್ಟಿ’ ಕತೆಯಲ್ಲಿ ಕೊಲೆಯ ಆರೋಪ ಹೊತ್ತ ಕಪ್ಪು ಮನುಷ್ಯನನ್ನು ವಿಚಾರಣೆಗೆ ಮೊದಲೇ ಶೆರಿಫ್ ಗುಂಡಿಟ್ಟು ಕೊಲ್ಲುತ್ತಾನೆ. ಆರೋಪಿ ನಿರಪರಾಧಿ. ಇದು ಬಂದದ್ದು 1952ರಲ್ಲಿ, ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಬೇರೆಬೇರೆ ಶಾಲೆ ಎಂಬುದು ಕಾನೂನೇ ಆಗಿದ್ದ ಕಾಲದಲ್ಲಿ. ಹತ್ತು ಸೆಂಟ್‌ನ ಪುಸ್ತಕವೊಂದು ಅದನ್ನು ಹದಿಮೂರರ ಹುಡುಗನಿಗೆ ಮುಖಕ್ಕೆ ಹೊಡೆದಂತೆ ಹೇಳುತ್ತಿತ್ತು. ಅಧಿಕಾರಿಗಳ ಮೇಲಿನ ಗೌರವ ಕುಗ್ಗಿಸುವ ಚಿತ್ರ ಬೇಡ ಎಂಬ ನಿಯಮ ಯಾರ ಮೇಲೆ ಬಿತ್ತು ಎಂಬುದು ಈಗ ಸ್ಪಷ್ಟವಾಗಬೇಕು.

ಈ ಕಾಮಿಕ್ಸ್‌ಗಳ ಎದುರು ನಿಂತವರನ್ನು ಖಳನಾಯಕರೆಂದು ಬಣ್ಣಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ಮನೋವೈದ್ಯ ಫ್ರೆಡ್ರಿಕ್ ವರ್ಥಮ್ 1946ರಲ್ಲಿ ಹಾರ್ಲೆಮ್‌ನ ಇಗರ್ಜಿಯೊಂದರ ನೆಲಮಾಳಿಗೆಯಲ್ಲಿ ಕಪ್ಪು ಜನರಿಗಾಗಿ ಲಫಾರ್ಗ್ ಕ್ಲಿನಿಕ್ ತೆರೆದವರು. ಅಲ್ಲಿ ಫೀಸು ಇಪ್ಪತ್ತೈದು ಸೆಂಟ್. ಶಾಲೆಗಳಲ್ಲಿ ಬಣ್ಣಭೇದದಿಂದ ಮಕ್ಕಳ ಮನಸ್ಸಿಗೆ ಆಗುವ ಗಾಯದ ಬಗ್ಗೆ ಅವರು ಡೆಲವೇರ್ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದರು. ಆ ಮೊಕದ್ದಮೆ ಮುಂದೆ, ಶಾಲೆಗಳಲ್ಲಿ ಬಣ್ಣಭೇದ ಕೂಡದೆಂದ 1954ರ ಐತಿಹಾಸಿಕ ಬ್ರೌನ್ ತೀರ್ಪಿನ ಭಾಗವಾಯಿತು. ಮಕ್ಕಳ ಬಗ್ಗೆ ಅವರಿಗಿದ್ದ ಕಾಳಜಿ ಅಪ್ಪಟವಾದದ್ದು. ಅದೇ ಕಾಳಜಿಯಿಂದ ಅವರು ಅದೇ ವರ್ಷ ‘ಸೆಡಕ್ಷನ್ ಆಫ್ ದಿ ಇನ್ನೊಸೆಂಟ್’ ಎಂಬ ಪುಸ್ತಕ ಬರೆದು, ಬಾಲಾಪರಾಧಕ್ಕೆ ಕಾಮಿಕ್ಸ್ ಒಂದು ಮುಖ್ಯ ಕಾರಣ ಎಂದರು. ಅದಕ್ಕೂ ಮೊದಲೇ, 1948ರಲ್ಲಿ, ಸ್ಪೆನ್ಸರ್, ಬಿಂಗ್‌ಹ್ಯಾಮ್ಟನ್‌ನಂಥ ಊರುಗಳಲ್ಲಿ ಮಕ್ಕಳ ಕೈಯಿಂದಲೇ ಕಾಮಿಕ್ಸ್ ರಾಶಿಗೆ ಬೆಂಕಿ ಇಡಿಸಿದ್ದರು. ಪುಸ್ತಕ ಸುಟ್ಟ ನಾಜಿಗಳ ವಿರುದ್ಧದ ಯುದ್ಧ ಮುಗಿದು ಮೂರೇ ವರ್ಷವಾಗಿತ್ತು.

2010ರಲ್ಲಿ ವರ್ಥಮ್ ಅವರ ಕಾಗದಪತ್ರಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ತೆರೆದುಕೊಂಡವು. ಕ್ಯಾರಲ್ ಟಿಲ್ಲಿ ಎಂಬ ಗ್ರಂಥಾಲಯ ವಿಜ್ಞಾನದ ವಿದ್ವಾಂಸೆ ಅವನ್ನು ಪುಸ್ತಕದ ಜೊತೆ ಹೋಲಿಸಿ ನೋಡಿದರು. ಮಕ್ಕಳು ಹೇಳಿದ್ದನ್ನು ವರ್ಥಮ್ ಅಲ್ಲಲ್ಲಿ ತಿದ್ದಿದ್ದರು, ಬೇಡವಾದುದನ್ನು ಬಿಟ್ಟಿದ್ದರು, ಒಂದರ ಮಾತನ್ನು ಇನ್ನೊಂದಕ್ಕೆ ಸೇರಿಸಿದ್ದರು. ಒಳ್ಳೆಯ ಉದ್ದೇಶ ಸಾಕ್ಷ್ಯದ ಜಾಗ ತುಂಬಲಾರದು. ಮಕ್ಕಳ ಹಿತ ಎಂದ ಕೂಡಲೇ ನಾವು ಲೆಕ್ಕ ಕೇಳುವುದನ್ನು ಬಿಡುತ್ತೇವೆ. ಕೇಳಲೇಬೇಕಾದ ಜಾಗ ಅದೇ.

1954ರ ಏಪ್ರಿಲ್ 21ರಂದು ನ್ಯೂಯಾರ್ಕ್‌ನ ಫೋಲಿ ಸ್ಕ್ವೇರ್ ನ್ಯಾಯಾಲಯ ಭವನದಲ್ಲಿ ಸೆನೆಟ್ ಉಪಸಮಿತಿ ವಿಚಾರಣೆಗೆ ಕೂತಿತು. ಮೂವತ್ತೆರಡರ ಗೇನ್ಸ್ ಯಾರೂ ಕರೆಯದಿದ್ದರೂ ತಾವೇ ಸಾಕ್ಷಿ ಹೇಳಲು ಹೋದರು. ಸೆನೆಟರ್ ಎಸ್ಟಿಸ್ ಕಿಫಾವರ್ ‘ಕ್ರೈಮ್ ಸಸ್ಪೆನ್ಸ್ಟೋರೀಸ್’ನ 22ನೇ ಸಂಚಿಕೆಯನ್ನು ಎತ್ತಿ ಹಿಡಿದರು. ಮುಖಪುಟದಲ್ಲಿ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಕೂದಲು ಹಿಡಿದೆತ್ತಿದ ಹೆಂಗಸಿನ ರುಂಡ. ಇದು ಸದಭಿರುಚಿಯೇ ಎಂದು ಕೇಳಿದರು. ಹಾರರ್ ಕಾಮಿಕ್ಸ್‌ನ ಮುಖಪುಟಕ್ಕೆ ಹೌದು ಎಂದರು ಗೇನ್ಸ್. ರುಂಡವನ್ನು ಇನ್ನೂ ಮೇಲೆ ಹಿಡಿದು ಕತ್ತಿನಿಂದ ರಕ್ತ ಸುರಿಯುವುದು ಕಾಣಿಸಿದ್ದರೆ ಕೆಟ್ಟ ಅಭಿರುಚಿಯಾಗುತ್ತಿತ್ತು ಎಂದೂ ಸೇರಿಸಿದರು. ಮಾರನೆಯ ದಿನದ ಪತ್ರಿಕೆಗಳಿಗೆ ಅಷ್ಟು ಸಾಕಾಗಿತ್ತು.

ಅದೇ ವಿಚಾರಣೆಯಲ್ಲಿ ನಡೆದ ಇನ್ನೊಂದು ಮಾತುಕತೆಯನ್ನು ನೆನೆಯುವವರು ಕಡಿಮೆ. ಇ.ಸಿ. ಕತೆಯೊಂದು ಜನಾಂಗ ದ್ವೇಷ ಕಲಿಸುತ್ತದೆಂದು ವರ್ಥಮ್ ಆಪಾದಿಸಿದ್ದರು, ಅದರಲ್ಲಿದ್ದ ಬೈಗುಳವನ್ನು ತೋರಿಸಿದ್ದರು. ಆ ಕತೆ ‘ದಿ ವಿಪ್ಪಿಂಗ್’. ಅದರಲ್ಲಿ ಒಬ್ಬ ತಂದೆ ಮಗಳು ಪ್ರೀತಿಸಿದ ಮೆಕ್ಸಿಕನ್ ಹುಡುಗನ ಮೇಲೆ ಊರವರನ್ನು ಎತ್ತಿಕಟ್ಟುತ್ತಾನೆ. ಮುಸುಕು ಹಾಕಿಕೊಂಡ ಗುಂಪು ಕತ್ತಲಲ್ಲಿ ಹುಡುಗನೆಂದುಕೊಂಡು ಚಾಟಿಯಿಂದ ಹೊಡೆದು ಕೊಲ್ಲುವುದು ಅವನ ಸ್ವಂತ ಮಗಳನ್ನು. ಬೈಗುಳ ಬಂದದ್ದು ಆ ದ್ವೇಷಿಯ ಬಾಯಲ್ಲಿ. ಕತೆ ಇರುವುದೇ ಅವನ ವಿರುದ್ಧ ಎಂದು ಗೇನ್ಸ್ ವಿವರಿಸಿದರು. ವಿದ್ಯಾವಂತ ವೈದ್ಯರೊಬ್ಬರು, ಬಣ್ಣಭೇದದ ವಿರುದ್ಧ ನಿಜವಾಗಿ ಹೋರಾಡಿದವರು, ಬಣ್ಣಭೇದದ ವಿರುದ್ಧದ ಕತೆಯನ್ನೇ ಬಣ್ಣಭೇದವೆಂದು ಓದಿದರು. ಕತೆಯಿಂದ ಒಂದು ಮಾತು, ಒಂದು ಚಿತ್ರ ಕಿತ್ತು ಎತ್ತಿ ತೋರಿಸುವ ಕ್ರಮದಲ್ಲೇ ಈ ತಪ್ಪು ಅಡಗಿದೆ. ನಮ್ಮಲ್ಲೂ ಪುಸ್ತಕಗಳ ಮೇಲೆ ದೂರು ಹೋಗುವುದು ಹೀಗೆಯೇ. ಪುಟ ಇಂಥದ್ದು, ಸಾಲು ಇಂಥದ್ದು. ಆ ಸಾಲು ಆಡಿದವನನ್ನು ಕತೆ ಎಲ್ಲಿ ನಿಲ್ಲಿಸಿತು ಎಂಬುದು ದೂರಿನಲ್ಲಿ ಇರುವುದಿಲ್ಲ.

ಅಮೆರಿಕದ ಕೇಂದ್ರ ಸರ್ಕಾರ ಕಾನೂನು ಮಾಡಲಿಲ್ಲ. ಉದ್ಯಮವೇ ಹೆದರಿತು. ಸೆನ್ಸಾರ್ ವಿರುದ್ಧ ಒಂದಾಗೋಣವೆಂದು ಪ್ರಕಾಶಕರ ಸಭೆ ಕರೆದವರು ಸ್ವತಃ ಗೇನ್ಸ್. ಆ ಕೂಟ ಅವರ ಕೈಮೀರಿ ಬೆಳೆದು, ಅವರ ಪತ್ರಿಕೆಗಳ ಹೆಸರುಗಳನ್ನೇ ನಿಷೇಧಿಸುವ ಸಂಘವಾಯಿತು. ನ್ಯೂಯಾರ್ಕ್‌ನ ಮ್ಯಾಜಿಸ್ಟ್ರೇಟ್ ಚಾರ್ಲ್ಸ್ ಮರ್ಫಿ ಅದರ ಆಡಳಿತಗಾರರಾದರು. ಪ್ರತಿ ಪುಟ ಅಚ್ಚಿಗೆ ಮೊದಲೇ ಅವರ ಕಚೇರಿಗೆ ಹೋಗಬೇಕು, ಒಪ್ಪಿದರೆ ಮುಖಪುಟದ ಮೇಲೆ ಮುದ್ರೆ. ಮುದ್ರೆ ಕಡ್ಡಾಯವೆಂದು ಯಾವ ಕಾನೂನೂ ಹೇಳಲಿಲ್ಲ. ಮುದ್ರೆಯಿಲ್ಲದ ಕಟ್ಟುಗಳನ್ನು ವಿತರಕರು ಬಿಚ್ಚದೆ ವಾಪಸು ಕಳಿಸಿದರು, ಅಷ್ಟೆ. ಈ ಬಗೆಯ ಸೆನ್ಸಾರ್ ವಿರುದ್ಧ ಕೋರ್ಟಿಗೆ ಹೋಗಲೂ ಬರುವುದಿಲ್ಲ. ಆಜ್ಞೆ ಮಾಡಿದವರು ಯಾರೂ ಇಲ್ಲವಲ್ಲ. ಕುತೂಹಲದ ಮಾತೆಂದರೆ ವರ್ಥಮ್ ಕೇಳಿದ್ದು ಇದನ್ನಲ್ಲ. ಹದಿನೈದರೊಳಗಿನ ಮಕ್ಕಳಿಗೆ ಇಂಥವನ್ನು ಮಾರಬಾರದೆಂದಷ್ಟೇ ಅವರ ಬೇಡಿಕೆಯಿತ್ತು. ಉದ್ಯಮ ಆರಿಸಿಕೊಂಡ ದಾರಿಯಲ್ಲಿ ದೊಡ್ಡವರಿಗೂ ಓದಲು ಏನೂ ಉಳಿಯಲಿಲ್ಲ.

ಸಂಹಿತೆ ಏನನ್ನು ಕಾಪಾಡಿತು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. 1953ರಲ್ಲಿ ‘ವಿಯರ್ಡ್ ಫ್ಯಾಂಟಸಿ’ಯಲ್ಲಿ ‘ಜಡ್ಜ್‌ಮೆಂಟ್ ಡೇ’ ಎಂಬ ಕತೆ ಬಂದಿತ್ತು. ಬರೆದವರು ಫೆಲ್ಡ್‌ಸ್ಟೀನ್, ಚಿತ್ರ ಜೋ ಒರ್ಲಾಂಡೋ ಅವರದು. ಯಂತ್ರಮಾನವರೇ ಇರುವ ಗ್ರಹವೊಂದಕ್ಕೆ ಭೂಮಿಯಿಂದ ಒಬ್ಬ ಗಗನಯಾತ್ರಿ ಬರುತ್ತಾನೆ. ಆ ಗ್ರಹವನ್ನು ವಿಶ್ವದ ಒಕ್ಕೂಟಕ್ಕೆ ಸೇರಿಸಿಕೊಳ್ಳಬಹುದೇ ಎಂದು ನೋಡುವುದು ಅವನ ಕೆಲಸ. ಅಲ್ಲಿ ಕಿತ್ತಳೆ ಬಣ್ಣದ ಯಂತ್ರಗಳಿಗೆ ಒಳ್ಳೆಯ ಕೆಲಸ, ಒಳ್ಳೆಯ ವಸತಿ. ನೀಲಿ ಯಂತ್ರಗಳಿಗೆ ಊರಾಚೆಯ ಕೇರಿ. ಒಳಗಿನ ಭಾಗಗಳೆಲ್ಲ ಒಂದೇ, ಮೇಲಿನ ಹೊದಿಕೆ ಮಾತ್ರ ಬೇರೆ. ಇನ್ನೂ ಸಮಯ ಬಂದಿಲ್ಲ ಎಂದು ತಿಳಿಸಿ ಅವನು ಹೊರಡುತ್ತಾನೆ. ನೌಕೆಯೊಳಗೆ ಶಿರಸ್ತ್ರಾಣ ತೆಗೆಯುತ್ತಾನೆ. ಕೊನೆಯ ಚೌಕದಲ್ಲಿ ಅವನ ಮುಖ ಮೊದಲ ಬಾರಿಗೆ ಕಾಣುತ್ತದೆ. ಅವನು ಕಪ್ಪು ಮನುಷ್ಯ, ಬೆವರ ಹನಿಗಳು ಆ ಮುಖದ ಮೇಲೆ ಮಿನುಗುತ್ತಿವೆ.

ಸಂಹಿತೆ ಬಂದ ಮೇಲೆ ಗೇನ್ಸ್ ಭಯದ ಪತ್ರಿಕೆಗಳನ್ನು ನಿಲ್ಲಿಸಿ, ಕೊನೆಗೆ ಮುದ್ರೆಗೂ ಒಪ್ಪಿದ್ದರು. ‘ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್’ ಪತ್ರಿಕೆಯ 1956ರ ಆರಂಭದ ಸಂಚಿಕೆಗೆ ಕೊಟ್ಟ ಕತೆಯೊಂದು ತಿರಸ್ಕೃತವಾದಾಗ ಅದರ ಜಾಗಕ್ಕೆ ‘ಜಡ್ಜ್‌ಮೆಂಟ್ ಡೇ’ಯನ್ನು ಮತ್ತೆ ಹಾಕಲು ಹೊರಟರು. ಅದರಲ್ಲಿ ದೆವ್ವವಿಲ್ಲ, ರಕ್ತವಿಲ್ಲ, ಕೊಡಲಿಯಿಲ್ಲ. ಆದರೂ ಮರ್ಫಿ ಆ ಕೊನೆಯ ಮುಖ ಕಪ್ಪಗಿರಕೂಡದೆಂದರು. ಕತೆಯ ಅರ್ಥವೇ ಅದು ಎಂದು ಫೆಲ್ಡ್‌ಸ್ಟೀನ್ ಹೇಳಿದರು. ಹಾಗಾದರೆ ಬೆವರಾದರೂ ಹೋಗಲಿ ಎಂಬಲ್ಲಿಗೆ ಬಂತು. ಪತ್ರಿಕೆಗಳಿಗೆ ಹೇಳುತ್ತೇನೆ, ಮೊಕದ್ದಮೆ ಹಾಕುತ್ತೇನೆ ಎಂದು ಗೇನ್ಸ್ ಫೋನಿನಲ್ಲಿ ಸಿಡಿದೆದ್ದರು. ಕತೆ ಇದ್ದ ಹಾಗೆಯೇ ಅಚ್ಚಾಯಿತು. ಇ.ಸಿ. ತಂದ ಕೊನೆಯ ಕಾಮಿಕ್ ಪುಸ್ತಕ ಅದೇ. ನೆನಪಿಡಿ, ಯಾವುದೇ ಜನಾಂಗವನ್ನು ಹೀಯಾಳಿಸಕೂಡದು ಎಂಬ ನಿಯಮ ಅದೇ ಸಂಹಿತೆಯಲ್ಲಿತ್ತು. ಒಳ್ಳೆಯ ನಿಯಮವೂ ಹೆದರಿದ ಗುಮಾಸ್ತೆಯ ಕೈಗೆ ಹೋದರೆ ಹೀಗಾಗುತ್ತದೆ: ಹೀಯಾಳಿಕೆ ಇಲ್ಲದಿರಲಿ ಎಂಬುದು ಆ ಜನರ ಮುಖವೇ ಇಲ್ಲದಿರಲಿ ಎಂದಾಗುತ್ತದೆ.

ಬರ್ನಾರ್ಡ್ ಕ್ರಿಗ್‌ಸ್ಟೀನ್ ಹೆಸರು ಹೇಳದೆ ಮುಂದೆ ಹೋಗಲಾರೆ. 1955ರ ‘ಇಂಪ್ಯಾಕ್ಟ್’ ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಅವರ ‘ಮಾಸ್ಟರ್ ರೇಸ್’ ಇದೆ. ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಕೂತ ಒಬ್ಬ ಮನುಷ್ಯ, ನಾಜಿ ಯಾತನಾ ಶಿಬಿರದ ನೆನಪು, ಎದುರು ಬಂದು ಕೂರುವ ಇನ್ನೊಬ್ಬ. ಆರು ಪುಟಕ್ಕೆಂದು ಕೊಟ್ಟ ಕತೆಯನ್ನು ಹಟ ಹಿಡಿದು ಎಂಟು ಪುಟ ಮಾಡಿಕೊಂಡರು. ಅಚ್ಚುಪಟ್ಟಿಯ ಅಕ್ಷರಗಳನ್ನು ಕತ್ತರಿಸಿ ಬೇರೆಬೇರೆ ಮಾಡಿ, ಚೌಕಗಳನ್ನು ಸೀಳಿ ಕಡ್ಡಿಗಳಷ್ಟು ಸಣ್ಣದಾಗಿಸಿದರು. ರೈಲು ಹಾದುಹೋಗುವಾಗ ಕಿಟಕಿಯ ಮುಖಗಳು ಒಂದರ ಮೇಲೊಂದು ಪುನರಾವರ್ತನೆಯಾಗುತ್ತವೆ. ನಿಂತ ಚಿತ್ರದಲ್ಲಿ ವೇಗ ಹೀಗೂ ಬರುತ್ತದೆಂದು ನಾನು ಕಲಿತದ್ದು ಅಲ್ಲಿ. ಯಹೂದಿಗಳ ನರಮೇಧದ ಬಗ್ಗೆ ಜನಪ್ರಿಯ ಮಾಧ್ಯಮಗಳು ಬಹುಮಟ್ಟಿಗೆ ಮೌನವಾಗಿದ್ದ ಕಾಲದಲ್ಲಿ ಈ ಎಂಟು ಪುಟ ಬಂದವು. ಆ ದಾರಿಯಲ್ಲಿ ಮುಂದೆ ಏನೇನು ಬರಬಹುದಾಗಿತ್ತೋ, ಮಾರುಕಟ್ಟೆಯೇ ಮುಚ್ಚಿತು. ಕ್ರಿಗ್‌ಸ್ಟೀನ್ ಶಾಲೆಯಲ್ಲಿ ಚಿತ್ರಕಲೆ ಕಲಿಸಲು ಹೋದರು. ಇಂಗೆಲ್ಸ್ ಫ್ಲಾರಿಡಾಕ್ಕೆ ಹೋಗಿ ಪಾಠ ಹೇಳಿಕೊಂಡಿದ್ದರು, ತಮ್ಮ ಹಳೆಯ ಕೆಲಸದ ಬಗ್ಗೆ ಮಾತೇ ಆಡುತ್ತಿರಲಿಲ್ಲ. ಆ ವರ್ಷಗಳಲ್ಲಿ ಕಾಮಿಕ್ಸ್ ಕೆಲಸ ಬಿಟ್ಟವರು, ಮರಳಿ ಬಾರದವರು ಎಂಟುನೂರಕ್ಕೂ ಹೆಚ್ಚು ಜನ. ಡೇವಿಡ್ ಹಜ್ಡು ತಮ್ಮ ‘ದಿ ಟೆನ್ ಸೆಂಟ್ ಪ್ಲೇಗ್’ ಪುಸ್ತಕದ ಕೊನೆಯಲ್ಲಿ ಅವರ ಹೆಸರುಗಳನ್ನು ಪಟ್ಟಿ ಮಾಡಿದ್ದಾರೆ. ನಾನು ಆ ಪುಟಗಳನ್ನು ಪೂರ್ತಿ ಓದಿದೆ. ಕಸುಬಿನವರಿಗೆ ಅದು ಓದಲೇಬೇಕಾದ ಪಟ್ಟಿ.

ಈ ಗಾಳಿ ಅಮೆರಿಕದಲ್ಲೇ ನಿಲ್ಲಲಿಲ್ಲ. 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕಬ್ಬಿಣದ ಹಲ್ಲಿನ ಪಿಶಾಚಿಯನ್ನು ಹಿಡಿಯುತ್ತೇವೆಂದು ನೂರಾರು ಮಕ್ಕಳು ಸ್ಮಶಾನಕ್ಕೆ ನುಗ್ಗಿದರು. ತಪ್ಪೆಲ್ಲ ಅಮೆರಿಕದ ಕಾಮಿಕ್ಸ್‌ದು ಎಂದಾಯಿತು. 1955ರಲ್ಲಿ ಬ್ರಿಟನ್ ಕಾನೂನು ತಂದಿತು. 1956ರಲ್ಲಿ ನಮ್ಮ ಸಂಸತ್ತೂ ಅದೇ ಧಾಟಿಯಲ್ಲಿ ಹಾನಿಕಾರಕ ಪ್ರಕಟಣೆಗಳಿಂದ ಎಳೆಯರನ್ನು ರಕ್ಷಿಸುವ ಕಾಯ್ದೆ ಮಾಡಿತು. ಚಿತ್ರಗಳಿರಲಿ ಇಲ್ಲದಿರಲಿ, ಅಪರಾಧ, ಹಿಂಸೆ, ಕ್ರೌರ್ಯ ಅಥವಾ ಅಸಹ್ಯ, ಭೀಕರ ಘಟನೆಗಳನ್ನು ಹೇಳುತ್ತ ಎಳೆಯರ ಮನಸ್ಸು ಕೆಡಿಸುವಂಥ ಪ್ರಕಟಣೆಗೆ ಆರು ತಿಂಗಳವರೆಗೆ ಸೆರೆ. ಎಳೆಯರು ಎಂದರೆ ಇಪ್ಪತ್ತು ವರ್ಷದೊಳಗಿನವರು.

ಆ ಮಾತುಗಳನ್ನು ಅಕ್ಷರಶಃ ಹಿಡಿದುಕೊಂಡು ಹೊರಟರೆ ನಮ್ಮ ಮನೆಯಲ್ಲೇ ಏನುಳಿದೀತು? ನಮ್ಮ ಎಷ್ಟೋ ಮನೆಗಳ ಕ್ಯಾಲೆಂಡರಿನಲ್ಲಿ ನರಸಿಂಹ ಹಿರಣ್ಯಕಶಿಪುವಿನ ಕರುಳು ಬಗೆಯುತ್ತಿರುತ್ತಾನೆ. ‘ಚಂದಮಾಮ’ದಲ್ಲಿ ದಶಕಗಳ ಕಾಲ ವಿಕ್ರಮ ಹೆಣವನ್ನು ಹೆಗಲ ಮೇಲೆ ಹೊತ್ತು ನಡೆದ, ಅದರೊಳಗಿನ ಬೇತಾಳ ಪ್ರತಿ ಸಂಚಿಕೆಯಲ್ಲೂ ಅರಸನನ್ನು ನಿಲ್ಲಿಸಿ ನ್ಯಾಯದ ಪ್ರಶ್ನೆ ಕೇಳಿತು. ಸಾವಿರ ವರ್ಷದ ಹಿಂದೆ ರನ್ನ ‘ಗದಾಯುದ್ಧ’ದಲ್ಲಿ ದುರ್ಯೋಧನನನ್ನು ಹೆಣಗಳ ನಡುವೆ ನಡೆಸಿದಾಗ ರಣರಂಗದ ಮರುಳುಗಳು, ಅಂದರೆ ಪಿಶಾಚಿಗಳು, ಆ ಚಕ್ರವರ್ತಿಯನ್ನು ಮುಖಕ್ಕೆ ಮುಖ ಕೊಟ್ಟು ಹಂಗಿಸಿದವು. ಬದುಕಿರುವ ಯಾವ ಪ್ರಜೆಯೂ ಆಡಲಾರದ ಮಾತನ್ನು ಅವು ಆಡಿದವು. ಯಾಕೆಂದರೆ ಸತ್ತವರಿಗೆ ಕಳೆದುಕೊಳ್ಳುವುದು ಏನೂ ಇಲ್ಲ. ಭಯದ ಕತೆಯ ಅತ್ಯಂತ ಹಳೆಯ ಕೆಲಸವೇ ಇದು. ಅದಕ್ಕೇ ದೆವ್ವದ ಮೇಲಿನ ನಿಷೇಧ ಮತ್ತು ಅಧಿಕಾರಿಯ ಗೌರವ ಕಾಯುವ ನಿಯಮ ಒಂದೇ ಕಾಗದಕ್ಕೆ ಬರುತ್ತವೆ.

ಆ ಕಾಲದ ಹಾರರ್ ಕಾಮಿಕ್ಸ್ ಎಲ್ಲ ಶ್ರೇಷ್ಠ ಎಂದು ನಾನು ಹೇಳುತ್ತಿಲ್ಲ. ಇ.ಸಿ.ಯ ಯಶಸ್ಸು ಕಂಡು ಹತ್ತಾರು ಪ್ರಕಾಶಕರು ಕತೆ ಬಿಟ್ಟು ಬರೀ ಕೊಳೆತ ಮಾಂಸ ಮಾರಿದರು. ಆ ರುಂಡದ ಮುಖಪುಟವನ್ನು ನನ್ನ ಬಳಿ ಚಿತ್ರ ಕಲಿಯಲು ಬರುವ ಏಳು ವರ್ಷದ ಮಗುವಿನ ಕೈಗೆ ನಾನು ಕೊಡುವುದಿಲ್ಲ. ಯಾವ ವಯಸ್ಸಿಗೆ ಯಾವುದು ಎಂದು ಹೇಳುವ ಹೊಣೆ ಮನೆಯವರದು, ಮೇಷ್ಟರದು, ಗ್ರಂಥಪಾಲಕರದು, ಪ್ರಕಾಶಕರದು. ಮುಖಪುಟದ ಮೇಲೆ ವಯಸ್ಸು ಬರೆಯಿರಿ, ಅಂಗಡಿಯಲ್ಲಿ ಮೇಲಿನ ಕಪಾಟಿನಲ್ಲಿಡಿ. ಇದಕ್ಕೆ ನನ್ನ ಪೂರ್ಣ ಒಪ್ಪಿಗೆಯಿದೆ. ಅಚ್ಚಿಗೆ ಮೊದಲೇ ಮುದ್ರೆ ಒತ್ತುವ ಕಚೇರಿಗೆ ಮಾತ್ರ ಒಪ್ಪಲಾರೆ. ಅಂಥ ಕಚೇರಿಯ ಮುಂದೆ ಕೂತ ಕಲಾವಿದ ಸ್ವಲ್ಪ ದಿನದಲ್ಲೇ ತನ್ನ ಕೈಯನ್ನು ತಾನೇ ಹಿಡಿದುಕೊಳ್ಳುತ್ತಾನೆ. ಆಮೇಲೆ ಯಾರೂ ಏನನ್ನೂ ಕತ್ತರಿಸಬೇಕಾಗಿಲ್ಲ.

ಸಂಹಿತೆ 1971ರಲ್ಲಿ ಸಡಿಲವಾಯಿತು, ರಕ್ತಪಿಶಾಚಿಗಳು ವಾಪಸು ಬಂದವು. 2011ರಲ್ಲಿ ಕೊನೆಯ ಪ್ರಕಾಶಕರೂ ಮುದ್ರೆ ಬಿಟ್ಟರು. ಆ ಕಾಮಿಕ್ಸ್ ಓದಿ ಬೆಳೆದ ಸ್ಟೀಫನ್ ಕಿಂಗ್ ಮತ್ತು ಜಾರ್ಜ್ ರೊಮೆರೊ ಒಟ್ಟಾಗಿ 1982ರಲ್ಲಿ ‘ಕ್ರೀಪ್‌ಶೋ’ ಸಿನಿಮಾ ಮಾಡಿ ತಮ್ಮ ಋಣ ತೀರಿಸಿದರು. ಇಂಗ್ಲಿಷ್ ಓದುಗರಿಗೆ ಹಳೆಯ ಸಂಚಿಕೆಗಳೆಲ್ಲ ಇಂದು ಒಳ್ಳೆಯ ಕಾಗದದ ಮೇಲೆ ಸಿಗುತ್ತವೆ. ಕನ್ನಡದ ಪ್ರಕಾಶಕರಲ್ಲಿ ನನ್ನದೊಂದು ಕೋರಿಕೆ: ಹಕ್ಕು ಪಡೆದು ‘ಜಡ್ಜ್‌ಮೆಂಟ್ ಡೇ’ಯನ್ನೂ ‘ಮಾಸ್ಟರ್ ರೇಸ್’ ಅನ್ನೂ ಕನ್ನಡಕ್ಕೆ ತನ್ನಿ, ಹೈಸ್ಕೂಲಿನ ಗ್ರಂಥಾಲಯಗಳಿಗೆ ಕೊಡಿ. ಊರಾಚೆಯ ಕೇರಿ ಎಂದರೇನೆಂದು ನಮ್ಮ ಹದಿನೈದರ ಮಕ್ಕಳಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅವರು ಆ ನೀಲಿ ಯಂತ್ರಗಳ ಕತೆಯನ್ನು ಓದಿ ಏನು ಕೇಳುತ್ತಾರೋ ಅದಕ್ಕೆ ಉತ್ತರ ಕೊಡಲು ದೊಡ್ಡವರಾದ ನಾವು ತಯಾರಾಗಬೇಕು.